ಹೊಸ ಕ್ಲ್ಯಾಮ್ ತಂದು ಮೂರು ದಿನ, ಮ್ಯಾಂಟಲ್ ಅರ್ಧವೇ ತೆರೆದಿದೆ: ಏನು ಮಾಡಲಿ?

ಪ್ರಶ್ನೆ: ನಾವು ಟೆಕ್ಸಸ್‌ನಲ್ಲಿದ್ದೇವೆ. ಮನೆಯಲ್ಲಿ 40 ಗ್ಯಾಲನ್ನಿನ ಬ್ರೀಡರ್ ಟ್ಯಾಂಕಿನಲ್ಲಿ ರೀಫ್ (ಹವಳ ಬೆಳೆಸುವ ಉಪ್ಪುನೀರಿನ ಅಕ್ವೇರಿಯಂ) ಮಾಡಿದ್ದೇನೆ, ಶುರುವಾಗಿ ಹತ್ತು ತಿಂಗಳು. ಮೊನ್ನೆ ಶನಿವಾರ ಎರಡೂವರೆ ಇಂಚಿನ ನೀಲಿ ಮ್ಯಾಕ್ಸಿಮಾ ಕ್ಲ್ಯಾಮ್ (ದೈತ್ಯ ಕ್ಲ್ಯಾಮ್ ಅನ್ನುವ ಚಿಪ್ಪುಜೀವಿಗಳಲ್ಲಿ ಒಂದು ಜಾತಿ) ತಂದೆ. ಬೆಳಕು ಜಾಸ್ತಿ ಬೇಕು ಅಂದರು, ಅದಕ್ಕೆ ಕಲ್ಲಿನ ತುದಿಯಲ್ಲಿ ಇಟ್ಟೆ. ರಾತ್ರಿ ಬಿದ್ದಿತ್ತು. ಮತ್ತೆ ಇಟ್ಟೆ, ಮತ್ತೆ ಬಿತ್ತು. ಈಗ ಮರಳಿನ ಮೇಲಿದೆ, ಮ್ಯಾಂಟಲ್ (ಚಿಪ್ಪಿನಿಂದ ಹೊರಗೆ ಹರಡುವ ಬಣ್ಣದ ಮಾಂಸದ ಪದರ) ಅರ್ಧ ಮಾತ್ರ ಹೊರಗೆ ಬಂದಿದೆ. ಅಂಗಡಿಯವರು ದಿನಾ ಫೈಟೋಪ್ಲಾಂಕ್ಟನ್ (ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿ) ಹಾಕಿ ಅಂತ ಬಾಟಲಿ ಕೊಟ್ಟಿದ್ದಾರೆ. ನನ್ನ ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ. ಆಲ್ಕಲಿನಿಟಿ (ನೀರಿನ ಕಾರ್ಬೊನೇಟ್ ಅಂಶ, ಡಿಕೆಎಚ್ ಅನ್ನುವ ಏಕಮಾನದಲ್ಲಿ) ವಾರಕ್ಕೊಮ್ಮೆ ಸರಿ ಮಾಡುತ್ತೇನೆ, 7.2ಕ್ಕೆ ಇಳಿದಿದ್ದು 9.5ಕ್ಕೆ ಬರುತ್ತದೆ. ಮೀನುಗಳು: ಎರಡು ಕ್ಲೌನ್, ಒಂದು ರಾಯಲ್ ಗ್ರಾಮಾ, ಒಂದು ಫ್ಲೇಮ್ ಏಂಜೆಲ್. ಇನ್ನೊಂದು ವಿಷಯ, ಮುಂದಿನ ವರ್ಷ ಬೆಂಗಳೂರಿಗೆ ವಾಪಸ್ ಹೋಗುವ ಯೋಚನೆ ಇದೆ. ಇದನ್ನು ಜೊತೆಗೆ ತರಬಹುದಾ?

ಉತ್ತರ: ಮೂರನೇ ದಿನಕ್ಕೆ ಅರ್ಧ ತೆರೆದಿದೆ ಅಂದರೆ ಗಾಬರಿ ಬೀಳುವಂಥದ್ದೇನಿಲ್ಲ. ಪ್ಯಾಕೆಟ್ಟಿನಲ್ಲಿ ಬಂದು, ಎರಡು ಸಲ ಬಿದ್ದು, ಎರಡು ಸಲ ಜಾಗ ಬದಲಾಯಿಸಿದ ಪ್ರಾಣಿ ಅದು. ಅಷ್ಟಾದರೂ ಅರ್ಧ ತೆರೆದಿದೆಯಲ್ಲ, ಒಳ್ಳೆಯದೇ. ನಿಮ್ಮ ಪ್ರಶ್ನೆ ಓದಿ ನನಗೆ ಚಿಂತೆ ಆಗಿದ್ದು ಬೇರೆ ಮೂರು ವಿಷಯಕ್ಕೆ: ಆ ಫ್ಲೇಮ್ ಏಂಜೆಲ್, ವಾರಕ್ಕೊಮ್ಮೆ ಜಿಗಿಯುವ ಆಲ್ಕಲಿನಿಟಿ, ಮತ್ತೆ ಆ ಸೊನ್ನೆ ನೈಟ್ರೇಟ್. ಈ ಮೂರರ ಮುಂದೆ ಫೈಟೋ ಬಾಟಲಿ ಲೆಕ್ಕಕ್ಕೇ ಇಲ್ಲ. ಹೊಸ ಕ್ಲ್ಯಾಮ್‌ಗಳು ಹಸಿವಿನಿಂದ ಸಾಯುವುದು ಕಡಿಮೆ. ಪದೇ ಪದೇ ಎತ್ತಿ ಇಡುವುದು, ಮೀನು ಕಚ್ಚುವುದು, ನೀರು ಒಂದೇ ಸಮ ಇಲ್ಲದಿರುವುದು, ಇವೇ ಅವನ್ನು ಕೊಲ್ಲುವುದು.

ಮೊದಲು ಅದನ್ನು ಒಂದು ಕಡೆ ನೆಲೆ ನಿಲ್ಲಿಸೋಣ. ಇದು ಇವತ್ತೇ ಆಗಬೇಕಾದ ಕೆಲಸ.

ನಮ್ಮ ಕರಾವಳಿಯ ಮರುವಾಯಿ ಮರಳಲ್ಲಿ ಹೂತುಕೊಂಡು ಬದುಕುತ್ತದೆ. ಮ್ಯಾಕ್ಸಿಮಾ ಹಾಗಲ್ಲ, ಅದು ಹವಳದ ಕಲ್ಲಿಗೆ ಕಚ್ಚಿಕೊಂಡು, ಬಿಸಿಲಿಗೆ ಮ್ಯಾಂಟಲ್ ಹರಡಿಕೊಂಡು ಕೂರುವ ಜಾತಿ. ಚಿಪ್ಪಿನ ಅಡಿಯಲ್ಲಿ, ಕೀಲಿನ ಪಕ್ಕಕ್ಕೆ ಒಂದು ತೂತು ಇದೆ ನೋಡಿ. ಅಲ್ಲಿಂದ ಬಿಳಿ ಪಾದ ಹೊರಗೆ ಬಂದು ತಡಕಾಡುತ್ತದೆ, ಗಟ್ಟಿ ಜಾಗ ಸಿಕ್ಕರೆ ಬಿಸಲ್ ದಾರ ಅನ್ನುವ ನಾರುಗಳನ್ನು ಬಿಟ್ಟು ಅಂಟಿಕೊಳ್ಳುತ್ತದೆ. ಹಿಡಿತ ಸಿಗಲಿಲ್ಲ ಅಂದರೆ ಚಿಪ್ಪನ್ನು ಪಟ್ಟನೆ ಮುಚ್ಚಿ, ಒಳಗಿನ ನೀರು ಚಿಮ್ಮಿಸಿ, ಅದರ ರಭಸಕ್ಕೆ ಜರುಗುತ್ತದೆ. ಕಲ್ಲಿನ ತುದಿಯಲ್ಲಿ ಇಟ್ಟು ಹೀಗೆ ಜರುಗಿದರೆ ಬೀಳದೆ ಏನಾಗುತ್ತದೆ? ಅದು ಜಾಗ ಇಷ್ಟವಾಗದೆ ಹಟ ಮಾಡುತ್ತಿದೆ ಅಂತಲ್ಲ, ಕಾಲೂರಲು ನೋಡುತ್ತಿತ್ತು ಅಷ್ಟೇ.

ಹಾಗಾಗಿ ಅಂಗೈಯಗಲದ ಒಂದು ಚಪ್ಪಟೆ ಕಲ್ಲು ತೆಗೆದುಕೊಳ್ಳಿ, ನಡುವೆ ಸ್ವಲ್ಪ ತಗ್ಗಿದ್ದರೆ ಇನ್ನೂ ಒಳ್ಳೆಯದು. ಅದನ್ನು ಮರಳಲ್ಲಿ ಅರ್ಧ ಹೂತು, ಮೇಲೆ ಕ್ಲ್ಯಾಮ್ ಅನ್ನು ತೂತು ಕೆಳಗೆ ಬರುವ ಹಾಗೆ ಕೂರಿಸಿ. ಎರಡು ಪಕ್ಕಕ್ಕೂ ಚಿಕ್ಕ ಚಿಕ್ಕ ಕಲ್ಲು ಆಸರೆ ಕೊಡಿ. ಬಿಗಿ ಮಾಡಬೇಡಿ, ಚಿಪ್ಪು ಪೂರ್ತಿ ತೆರೆಯಲು ಜಾಗ ಇರಬೇಕು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಅಂಟಿಕೊಳ್ಳುತ್ತದೆ. ಆಮೇಲೆ ಅದರ ಜಾಗ ಬದಲಾಯಿಸಬೇಕಾದರೆ ಕಲ್ಲಿನ ಸಮೇತ ಎತ್ತಬಹುದು, ಈ ಚಪ್ಪಟೆ ಕಲ್ಲಿನ ದೊಡ್ಡ ಲಾಭ ಅದೇ.

ಅಂಟಿಕೊಂಡ ಕ್ಲ್ಯಾಮ್ ಅನ್ನು ಮಾತ್ರ ಯಾವತ್ತೂ ಎಳೆಯಬೇಡಿ. ನಾರು ತುಂಡಾದರೆ ಮತ್ತೆ ಬೆಳೆಯುತ್ತದೆ, ಆದರೆ ಎಳೆದಾಗ ನಾರಿನ ಬುಡದಲ್ಲಿರುವ ಗ್ರಂಥಿಯೇ ಕಿತ್ತುಬಂದರೆ ಅದು ಹೊಟ್ಟೆಗೆ ಬಿದ್ದ ಗಾಯ, ಕ್ಲ್ಯಾಮ್ ಉಳಿಯುವುದು ಕಷ್ಟ. ಬಿಡಿಸಲೇಬೇಕು ಅಂದರೆ ಹರಿತವಾದ ತೆಳು ಬ್ಲೇಡು ತೆಗೆದುಕೊಂಡು, ಚಿಪ್ಪಿನ ಕಡೆ ಅಲ್ಲ, ಕಲ್ಲಿನ ಕಡೆಗೆ ಒತ್ತಿ ನಾರನ್ನು ಕತ್ತರಿಸಬೇಕು.

ಬೆಳಕಿನ ವಿಷಯ. ಮ್ಯಾಕ್ಸಿಮಾಗೆ ಜಾಸ್ತಿ ಬೆಳಕು ಬೇಕು ಅನ್ನುವುದು ನಿಜ, ಅಂಗಡಿಯವರು ತಪ್ಪು ಹೇಳಿಲ್ಲ. ಆದರೆ ನಿಮ್ಮ ಬ್ರೀಡರ್ ಟ್ಯಾಂಕಿನ ಎತ್ತರ ಬರೀ 16 ಇಂಚು. ಒಳ್ಳೆಯ ರೀಫ್ ಎಲ್‌ಇಡಿ ಇದ್ದರೆ ಮರಳಿನ ಮಟ್ಟಕ್ಕೂ ಸಾಕಷ್ಟು ಬೆಳಕು ಬೀಳುತ್ತದೆ, ಕಲ್ಲಿನ ತುದಿಗೆ ಏರಿಸಲೇಬೇಕು ಅಂತಿಲ್ಲ. ಊಹೆ ಮಾಡುವುದಕ್ಕಿಂತ ಪಾರ್ ಮೀಟರ್ (ಪಾಚಿಗೆ ಉಪಯೋಗವಾಗುವ ಬೆಳಕನ್ನು ಅಳೆಯುವ ಸಾಧನ) ತಂದು ಅಳೆದುಬಿಡಿ. ಅಮೆರಿಕದಲ್ಲಿ ಎಷ್ಟೋ ರೀಫ್ ಕ್ಲಬ್‌ಗಳು, ಅಂಗಡಿಗಳು ಬಾಡಿಗೆಗೆ ಕೊಡುತ್ತವೆ. ಮ್ಯಾಕ್ಸಿಮಾ ಕೂತ ಜಾಗದಲ್ಲಿ ಕೊನೆಗೆ 250ರಿಂದ 350 ಪಾರ್ ಸಿಕ್ಕರೆ ನನ್ನ ಪ್ರಕಾರ ಸಾಕು. ಡೆರಾಸಾ, ಸ್ಕ್ವಾಮೋಸಾ ಜಾತಿಗಳಾದರೆ ಇದಕ್ಕಿಂತ ಕಡಿಮೆಯಲ್ಲೂ ಬದುಕುತ್ತವೆ.

ಕೊನೆಗೆ ಅಂದೆ, ಇವತ್ತೇ ಅಲ್ಲ. ಅಂಗಡಿಯ ತೊಟ್ಟಿಯಲ್ಲಿ ಅದು ಎಷ್ಟು ಬೆಳಕಿನಲ್ಲಿತ್ತೋ ಗೊತ್ತಿಲ್ಲ, ಅದಕ್ಕೂ ಮುಂಚೆ ಕತ್ತಲ ಡಬ್ಬಿಯಲ್ಲಿ ಪ್ರಯಾಣ ಮಾಡಿತ್ತು. ದೀಪವನ್ನು ಈಗ ಇರುವುದರ ಅರ್ಧಕ್ಕೆ ಇಳಿಸಿ, ಎರಡು ಮೂರು ವಾರ ತೆಗೆದುಕೊಂಡು ನಿಧಾನವಾಗಿ ಏರಿಸಿ. ನಿಮ್ಮಲ್ಲಿರುವ ಹವಳಗಳಿಗೆ ಅರ್ಧ ತೀರಾ ಕಡಿಮೆಯಾಗುತ್ತೆ ಅನ್ನಿಸಿದರೆ ಕ್ಲ್ಯಾಮ್ ಕಲ್ಲನ್ನು ಬೆಳಕಿನ ಅಂಚಿಗೆ ಸರಿಸಿ ಇಡಿ. ಮ್ಯಾಂಟಲ್ ಒಳಗೆ ಕೋಟ್ಯಂತರ ಸೂಕ್ಷ್ಮ ಪಾಚಿಗಳಿವೆ, ಜೂಝಾಂಥೆಲ್ಲಾ ಅಂತಾರೆ. ಅವು ಬೆಳಕಿನಿಂದ ಮಾಡುವ ಸಕ್ಕರೆಯೇ ಕ್ಲ್ಯಾಮ್‌ನ ಮುಖ್ಯ ಊಟ. ಏಕಾಏಕಿ ಬೆಳಕು ಜಾಸ್ತಿಯಾದರೆ ಕ್ಲ್ಯಾಮ್ ಈ ಪಾಚಿಯನ್ನೇ ಹೊರಹಾಕುತ್ತದೆ, ಆಗ ಮ್ಯಾಂಟಲ್ ನಡುವಿನಿಂದ ಬೆಳ್ಳಗಾಗುತ್ತಾ ಬರುತ್ತದೆ. ನೀವು ಇಷ್ಟಪಟ್ಟು ತಂದ ಆ ನೀಲಿ ಇದೆಯಲ್ಲ, ಅದು ಪಾಚಿಯ ಬಣ್ಣವಲ್ಲ. ಪಾಚಿ ಕಂದು. ಐರಿಡೋಸೈಟ್ ಅನ್ನುವ ಜೀವಕೋಶಗಳು ಬೆಳಕನ್ನು ಒಡೆದು ಚದುರಿಸುವುದರಿಂದ ಆ ನೀಲಿ, ಹಸಿರು ಕಾಣುತ್ತದೆ. ಪಾಚಿಗೆ ಬೇಕಾದ ಬೆಳಕನ್ನು ಒಳಗೆ ಹಂಚಿ, ಬೇಡದ್ದನ್ನು ಹೊರಗೆ ತಳ್ಳುವ ಕೆಲಸವೂ ಅವುಗಳದ್ದೇ. ಎಷ್ಟು ಚೆಂದದ ಏರ್ಪಾಡು ಅಲ್ವಾ!

ಈಗ ನೀರು. ನೀವು ಸೊನ್ನೆ ನೈಟ್ರೇಟ್ ಅಂತ ಸಮಾಧಾನದಿಂದ ಬರೆದ ಹಾಗಿದೆ. ಕ್ಲ್ಯಾಮ್‌ಗೆ ಅದು ಒಳ್ಳೆಯ ಸುದ್ದಿ ಅಲ್ಲ. ಆ ಪಾಚಿಗೆ ಬೆಳಕಿನ ಜೊತೆ ಸಾರಜನಕ, ರಂಜಕ ಬೇಕು, ಕ್ಲ್ಯಾಮ್ ಅದನ್ನು ನೀರಿನಿಂದಲೇ, ಅಮೋನಿಯಾ ನೈಟ್ರೇಟ್ ರೂಪದಲ್ಲಿ ಹೀರಿಕೊಳ್ಳುತ್ತದೆ. ಕ್ಲ್ಯಾಮ್ ಸಾಕಣೆ ಮಾಡುವವರು ಮರಿಗಳ ತೊಟ್ಟಿಗೆ ಬೇಕಂತಲೇ ಅಮೋನಿಯಂ ಗೊಬ್ಬರ ಹಾಕಿ ಬೆಳವಣಿಗೆ ಹೆಚ್ಚಿಸಿದ್ದೂ ಇದೆ. ನೀವು ಗೊಬ್ಬರ ಹಾಕಲು ಹೋಗಬೇಡಿ. ಮೀನಿಗೆ ದಿನಕ್ಕೆ ಒಂದು ಸಲ ಕೊಡುತ್ತಿದ್ದರೆ ಎರಡು ಸಲ ಕೊಡಿ. ಫಾಸ್ಫೇಟ್ ತೆಗೆಯುವ ಮೀಡಿಯಾ ಏನಾದರೂ ಹಾಕಿದ್ದರೆ ತೆಗೆದಿಡಿ, ಸ್ಕಿಮ್ಮರ್ (ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಯಂತ್ರ) ತೀರಾ ಜೋರಾಗಿದ್ದರೆ ಸ್ವಲ್ಪ ತಗ್ಗಿಸಿ. ನೈಟ್ರೇಟ್ 2ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1ರ ಒಳಗೆ ಇದ್ದರೆ ಕ್ಲ್ಯಾಮ್‌ಗೂ ಖುಷಿ, ಹವಳಕ್ಕೂ ಖುಷಿ.

ಇದಾದ ಮೇಲೆ ಫೈಟೋ ಬಾಟಲಿ ಬೇಕಾ? ಕ್ಲ್ಯಾಮ್ ನೀರು ಸೋಸಿ ತಿನ್ನುವುದೂ ನಿಜ, ಚಿಕ್ಕ ಕ್ಲ್ಯಾಮ್‌ಗಳು ದೊಡ್ಡವಕ್ಕಿಂತ ಸೋಸುವ ಊಟದ ಮೇಲೆ ಹೆಚ್ಚು ಅವಲಂಬಿಸುತ್ತವೆ ಅನ್ನುವುದೂ ನಿಜ. ನಿಮ್ಮದು ಎರಡೂವರೆ ಇಂಚು, ತೀರಾ ಮರಿಯಲ್ಲ. ಮೀನುಗಳಿಗೆ ಚೆನ್ನಾಗಿ ಹಾಕುವ ಟ್ಯಾಂಕಿನಲ್ಲಿ ನೀರಿನಲ್ಲೇ ಸಾಕಷ್ಟು ಪುಡಿ ಆಹಾರ ತೇಲುತ್ತಿರುತ್ತದೆ. ಬಾಟಲಿ ಇದ್ದೇ ಇದೆ, ಫ್ರಿಜ್‌ನಲ್ಲಿ ಇಟ್ಟಿದ್ದೀರಿ, ವಾಸನೆ ಕೆಟ್ಟಿಲ್ಲ ಅಂದರೆ ವಾರಕ್ಕೆ ಎರಡು ಸಲ ಸ್ವಲ್ಪ ಸ್ವಲ್ಪ ಹಾಕಿ, ತೊಂದರೆ ಇಲ್ಲ. ಸಿರಿಂಜ್ ಹಿಡಿದು ಸೀದಾ ಅದರ ಸೈಫನ್ (ನೀರು ಎಳೆದುಕೊಳ್ಳುವ ಸೀಳು) ಒಳಗೆ ಮಾತ್ರ ಬಿಡಬೇಡಿ. ಬಾಟಲಿ ಮುಗಿದ ಮೇಲೆ ಇನ್ನೊಂದು ತರುವ ದುಡ್ಡಿನಲ್ಲಿ ಒಳ್ಳೆಯ ಆಲ್ಕಲಿನಿಟಿ ಟೆಸ್ಟ್ ಕಿಟ್ ತೆಗೆದುಕೊಳ್ಳಿ.

ಯಾಕೆ ಅಂದರೆ ನಿಮ್ಮ ನಿಜವಾದ ಸಮಸ್ಯೆ ಅಲ್ಲಿದೆ. ವಾರವಿಡೀ ಇಳಿದು 7.2ಕ್ಕೆ ಬಂದ ಆಲ್ಕಲಿನಿಟಿಯನ್ನು ಭಾನುವಾರ ಬೆಳಿಗ್ಗೆ ಒಂದೇ ಸಲ 9.5ಕ್ಕೆ ಏರಿಸುವುದು ಇದೆಯಲ್ಲ, 7.5 ಇರಲಿ 9 ಇರಲಿ, ಯಾವ ಅಂಕಿಗೂ ಒಗ್ಗಿಕೊಳ್ಳುವ ಕ್ಲ್ಯಾಮ್ ಈ ಏರಿಳಿತಕ್ಕೆ ಒಗ್ಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಚಿಪ್ಪು ಕಟ್ಟಲು ಅದು ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಎಳೆದುಕೊಳ್ಳುತ್ತಲೇ ಇರುತ್ತದೆ, ಅಂದರೆ ಕ್ಲ್ಯಾಮ್ ಆರೋಗ್ಯವಾಗಿ ಬೆಳೆದಷ್ಟೂ ನಿಮ್ಮ ವಾರದ ಕುಸಿತ ಇನ್ನೂ ಜಾಸ್ತಿಯಾಗುತ್ತದೆ. ಒಂದು ವಾರ ದಿನಾ ಒಂದೇ ಹೊತ್ತಿಗೆ ಅಳೆದು ದಿನಕ್ಕೆ ಎಷ್ಟು ಇಳಿಯುತ್ತೆ ನೋಡಿ. ಅಷ್ಟನ್ನೇ ದಿನಾ ಹಾಕಿ. ಡೋಸಿಂಗ್ ಪಂಪ್ ಇದ್ದರೆ ಇನ್ನೂ ಸಲೀಸು, ಇಲ್ಲದಿದ್ದರೆ ಅಳತೆ ಲೋಟ ಹಿಡಿದು ರಾತ್ರಿ ಊಟಕ್ಕೆ ಮುಂಚೆ ಹಾಕಿದರೂ ಸರಿ. 8ರಿಂದ 9 ಡಿಕೆಎಚ್ ನಡುವೆ ಒಂದು ಅಂಕಿ ಆರಿಸಿ, ಅಲ್ಲೇ ನಿಲ್ಲಿಸಿ. ದಿನಕ್ಕೆ ಅರ್ಧ ಡಿಕೆಎಚ್‌ಗಿಂತ ಹೆಚ್ಚು ಕದಲದಿದ್ದರೆ ಒಳ್ಳೆಯದು. ಕ್ಯಾಲ್ಸಿಯಂ 400ರಿಂದ 450, ಮೆಗ್ನೀಷಿಯಂ 1300ರ ಆಸುಪಾಸು, ಉಪ್ಪಿನಂಶ 35 ಪಿಪಿಟಿ, ಬಿಸಿ 25-26 ಡಿಗ್ರಿ ಸೆಲ್ಸಿಯಸ್. ಟೆಕ್ಸಸ್ ಬೇಸಿಗೆಯಲ್ಲಿ ಈ ಕೊನೆಯದನ್ನು ಮರೆಯಬೇಡಿ. ಮನೆಯಲ್ಲಿ ಏಸಿ ಕೆಟ್ಟ ದಿನ ಟ್ಯಾಂಕಿಗೆ ಒಂದು ಫ್ಯಾನ್ ಹಿಡಿಯಬೇಕಾಗುತ್ತದೆ.

ಇನ್ನು ಫ್ಲೇಮ್ ಏಂಜೆಲ್. ಇದನ್ನು ಸ್ಪಷ್ಟವಾಗಿ ಹೇಳುತ್ತೇನೆ: ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಹವಳ ಮುಟ್ಟಿಲ್ಲ, ಸಾಧು ಮೀನು ಅಂತ ನೀವು ಹೇಳಬಹುದು. ಸೆಂಟ್ರೋಪೈಜ್ ಕುಲದ ಈ ಕುಳ್ಳ ಏಂಜೆಲ್‌ಗಳಲ್ಲಿ ಕೆಲವು ಜೀವಮಾನವಿಡೀ ಸುಮ್ನೆ ಇರುತ್ತವೆ, ಕೆಲವು ತಿಂಗಳುಗಟ್ಟಲೆ ಸುಮ್ನೆ ಇದ್ದು ಒಂದು ದಿನ ಕ್ಲ್ಯಾಮ್‌ನ ಮ್ಯಾಂಟಲ್ ರುಚಿ ನೋಡಿಬಿಡುತ್ತವೆ. ಒಮ್ಮೆ ರುಚಿ ಹತ್ತಿದರೆ ಬಿಡಿಸುವುದು ಕಷ್ಟ. ನಿಮ್ಮ ಕ್ಲ್ಯಾಮ್ ಅರ್ಧ ಮಾತ್ರ ತೆರೆದಿರುವುದಕ್ಕೂ ಅದೇ ಕಾರಣ ಇರಬಹುದು. ಖಚಿತ ಮಾಡಿಕೊಳ್ಳುವುದು ಸುಲಭ. ಟ್ಯಾಂಕಿನಿಂದ ಏಳೆಂಟು ಅಡಿ ದೂರ ಕುರ್ಚಿ ಹಾಕಿಕೊಂಡು ಅರ್ಧ ಗಂಟೆ ಕೂತು ನೋಡಿ. ಹತ್ತಿರ ಹೋದರೆ ಮೀನು ಊಟ ಕೇಳುತ್ತಾ ನಿಮ್ಮ ಕಡೆಯೇ ಬರುತ್ತದೆ, ಅಸಲಿ ನಡತೆ ತೋರಿಸುವುದಿಲ್ಲ. ಏಂಜೆಲ್ ಪಕ್ಕದಲ್ಲಿ ಹಾದಾಗಲೆಲ್ಲ ಮ್ಯಾಂಟಲ್ ಸರಕ್ಕನೆ ಒಳಗೆ ಹೋಗುತ್ತಿದ್ದರೆ, ಅಂಚಿನಲ್ಲಿ ಚಿಕ್ಕ ಕಚ್ಚು ಕಾಣುತ್ತಿದ್ದರೆ, ಆಯಿತು. ಮೀನಿಗೆ ಬೇರೆ ಮನೆ ಹುಡುಕಿ. ಅಷ್ಟರವರೆಗೆ ಕ್ಲ್ಯಾಮ್ ಮೇಲೆ ಬೆಳಕು ಬಿಡುವ ದೊಡ್ಡ ಕಣ್ಣಿನ ಪ್ಲಾಸ್ಟಿಕ್ ಜಾಲರಿ ಬುಟ್ಟಿ ಬೋರಲು ಹಾಕಿ. ಕ್ಲೌನ್‌ಗಳ ಮೇಲೂ ಒಂದು ಕಣ್ಣಿರಲಿ. ಅನಿಮೋನ್ ಇಲ್ಲದ ಟ್ಯಾಂಕಿನಲ್ಲಿ ಅವು ಕೆಲವು ಸಲ ಕ್ಲ್ಯಾಮ್ ಅನ್ನೇ ಮನೆ ಮಾಡಿಕೊಂಡು ಉಜ್ಜುತ್ತವೆ, ಆಗ ಅದು ತೆರೆಯುವುದೇ ಇಲ್ಲ. ಗ್ರಾಮಾ ಇರಲಿ, ಪಾಪದ್ದು.

ರಾತ್ರಿ ಇನ್ನೊಂದು ಕೆಲಸ ಇದೆ. ದೀಪ ಆರಿ ಎರಡು ಗಂಟೆ ಆದ ಮೇಲೆ ಟಾರ್ಚ್ ಹಿಡಿದು ಚಿಪ್ಪಿನ ಮೇಲಂಚು, ಚಿಪ್ಪಿನ ಪದರಗಳ ಸಂದಿ, ಕೆಳಗಿನ ತೂತಿನ ಸುತ್ತ ನೋಡಿ. ಅಕ್ಕಿ ನುಚ್ಚಿನಷ್ಟು ಚಿಕ್ಕ, ಬಿಳಿ, ಮೊನಚಾದ ಬಸವನಹುಳು ಕಂಡರೆ ಅದು ಪಿರಮಿಡೆಲ್ಲಿಡ್. ಹಗಲು ಸಂದಿಯಲ್ಲೋ ಮರಳಲ್ಲೋ ಅಡಗಿದ್ದು, ರಾತ್ರಿ ಅಂಚಿಗೆ ಸಾಲಾಗಿ ಹತ್ತಿ, ಸೂಜಿಯಂಥ ಸೊಂಡಿಲು ಚುಚ್ಚಿ ಕ್ಲ್ಯಾಮ್‌ನ ರಸ ಹೀರುತ್ತದೆ. ಒಂದೆರಡು ಇದ್ದಾಗ ಏನೂ ಆಗುವುದಿಲ್ಲ, ಆದರೆ ಬಲುಬೇಗ ಸಂತಾನ ಹೆಚ್ಚಿ ಹತ್ತಾರು ಆಗುತ್ತವೆ. ಚಿಪ್ಪಿನ ಮೇಲೆ ಪಾರದರ್ಶಕ ಲೋಳೆಯ ಚಿಕ್ಕ ಗುಡ್ಡೆ ಕಂಡರೆ ಅವು ಮೊಟ್ಟೆ. ಕಲ್ಲಿನ ಸಮೇತ ಕ್ಲ್ಯಾಮ್ ಅನ್ನು ಎತ್ತಿ, ಟ್ಯಾಂಕಿನದೇ ನೀರು ತುಂಬಿದ ಬಕೆಟ್ಟಿನಲ್ಲಿ ಇಟ್ಟು, ಹೊಸ ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಚಿಪ್ಪನ್ನು ಪೂರ್ತಿ ತಿಕ್ಕಿ. ಮ್ಯಾಂಟಲ್‌ಗೆ ಬ್ರಷ್ ತಾಗಬಾರದು. ಆ ನೀರನ್ನು ಚೆಲ್ಲಿ. ಮೊಟ್ಟೆ ಒಡೆದು ಮತ್ತೆ ಬರುತ್ತವೆ, ಹಾಗಾಗಿ ನಾಲ್ಕೈದು ದಿನಕ್ಕೊಮ್ಮೆ ಕೆಲವು ವಾರ ಮಾಡಬೇಕು. ನನ್ನ ಪ್ರಕಾರ ಹೊಸ ಕ್ಲ್ಯಾಮ್ ತಂದವರು ಟ್ಯಾಂಕಿಗೆ ಬಿಡುವ ಮುಂಚೆಯೇ ಒಮ್ಮೆ ತಿಕ್ಕಬೇಕು. ಸಿಕ್ಸ್‌ಲೈನ್ ವ್ರಾಸ್ ಮೀನು ಈ ಹುಳುಗಳನ್ನು ಹೆಕ್ಕಿ ತಿನ್ನುತ್ತದೆ, ಆದರೆ ಅದು ಜಗಳಗಂಟ ಮೀನು, ಬರೀ ಇದಕ್ಕಾಗಿ ತರಬೇಡಿ.

ನೀರಿನಿಂದ ಹೊರಗೆ ತೆಗೆದರೆ ಸಾಯುತ್ತೆ ಅಂತ ಕೆಲವರು ಹೆದರಿಸುತ್ತಾರೆ. ಸಮುದ್ರದಲ್ಲಿ ಆಳವಿಲ್ಲದ ಕಡೆ ಇರುವ ಮ್ಯಾಕ್ಸಿಮಾಗಳು ಇಳಿತದ ಹೊತ್ತಿಗೆ ಗಾಳಿಗೆ ಬೀಳುವುದೂ ಉಂಟು. ಒಂದು ನಿಮಿಷಕ್ಕೆ ಏನೂ ಆಗುವುದಿಲ್ಲ. ವಾಪಸ್ ಇಡುವಾಗ ನೀರೊಳಗೆ ಕೀಲು ಕೆಳಗೆ ಮಾಡಿ ನೆಟ್ಟಗೆ ಹಿಡಿದು, ಗುಳ್ಳೆ ಎಲ್ಲಾ ಹೊರಗೆ ಬಂತಾ ನೋಡಿ ಇಡಿ, ಸಾಕು.

ಚೆನ್ನಾಗಿದೆ ಅಂತ ಗೊತ್ತಾಗುವುದು ಹೇಗೆ? ಟ್ಯಾಂಕಿನ ಮೇಲೆ ಕೈ ಆಡಿಸಿ. ಮ್ಯಾಂಟಲ್ ಅಂಚಿನುದ್ದಕ್ಕೂ ನೂರಾರು ಪುಟ್ಟ ಕಪ್ಪು ಚುಕ್ಕೆಗಳಿವೆ, ಅವೇ ಅದರ ಕಣ್ಣು. ನೆರಳು ಬಿದ್ದ ತಕ್ಷಣ ಒಳಗೆಳೆದುಕೊಂಡು, ನಿಮಿಷದಲ್ಲಿ ಮತ್ತೆ ಹರಡಿಕೊಂಡರೆ ಪ್ರಾಣಿ ಚುರುಕಾಗಿದೆ. ದಿನಕ್ಕೆ ಒಂದು ಸಲ ನೋಡಿದರೆ ಸಾಕು, ಆಟ ಆಡಿಸಬೇಡಿ. ವಾರಗಳು ಕಳೆದ ಮೇಲೆ ಚಿಪ್ಪಿನ ಮೇಲಂಚಿನಲ್ಲಿ ಅಚ್ಚ ಬಿಳಿಯ, ಕಾಗದದಷ್ಟು ತೆಳುವಾದ ಹೊಸ ಗೆರೆ ಕಾಣಿಸುತ್ತದೆ. ಅದು ಹೊಸ ಚಿಪ್ಪು. ಅದು ಕಂಡ ದಿನ ನೀವು ಗೆದ್ದ ಹಾಗೆ.

ಕೆಟ್ಟ ಲಕ್ಷಣಗಳು ಎರಡು. ನೀರು ಒಳಗೆಳೆಯುವ ಉದ್ದನೆಯ ಸೀಳು, ಅಂದರೆ ಒಳಸೈಫನ್, ಅಗಲವಾಗಿ ಬಾಯಿ ಬಿಟ್ಟುಕೊಂಡಿದ್ದು, ನೆರಳಿಗೂ ಮುಚ್ಚದೆ ಇದ್ದರೆ ತಕ್ಷಣ ನೀರು ಪರೀಕ್ಷೆ ಮಾಡಿ, ಕಾಲು ಭಾಗ ನೀರು ಬದಲಾಯಿಸಿ, ಅಡಿಯ ತೂತಿನಲ್ಲಿ ಗಾಯವಿದೆಯಾ ನೋಡಿ. ಇನ್ನೊಂದು, ಮ್ಯಾಂಟಲ್ ಅಂಚು ಅಲ್ಲಲ್ಲಿ ಚಿವುಟಿ ಹಿಡಿದಂತೆ ಒಳಗೆ ಸುಕ್ಕಾಗಿ, ದಿನದಿಂದ ದಿನಕ್ಕೆ ಅದು ಜಾಸ್ತಿಯಾಗುವುದು. ಪವರ್‌ಹೆಡ್‌ನ (ಟ್ಯಾಂಕಿನೊಳಗೆ ನೀರು ಹರಿಸುವ ಪಂಪ್) ನೀರು ಸೀದಾ ಹೊಡೆಯುತ್ತಿದ್ದರೂ ಮ್ಯಾಂಟಲ್ ಹೀಗೇ ಮಡಚುತ್ತದೆ, ಮೊದಲು ಅದನ್ನು ತಿರುಗಿಸಿ ನೋಡಿ. ಅದಕ್ಕೂ ಬಗ್ಗಲಿಲ್ಲ ಅಂದರೆ ಪಿಂಚ್ಡ್ ಮ್ಯಾಂಟಲ್ ಅನ್ನುವ ರೋಗ ಇರಬಹುದು. ಅದಕ್ಕೆ ಹವ್ಯಾಸಿಗಳು ಮಾಡುವ ಮದ್ದು ಸಿಹಿನೀರಿನ ಸ್ನಾನ: ಆರ್‌ಓಡಿಐ ನೀರನ್ನು (ಲವಣ ತೆಗೆದು ಶುದ್ಧ ಮಾಡಿದ ನೀರು) ಟ್ಯಾಂಕಿನಷ್ಟೇ ಬಿಸಿಗೆ, ಅಷ್ಟೇ ಪಿಎಚ್‌ಗೆ ತಂದು, ಅದರಲ್ಲಿ ಇಪ್ಪತ್ತರಿಂದ ಮೂವತ್ತು ನಿಮಿಷ. ಇದು ಕೊನೆಯ ದಾರಿ, ಅನುಮಾನ ಬಂದ ಕೂಡಲೇ ಮಾಡುವಂಥದ್ದಲ್ಲ. ಮೀನಿಗೆ ರೋಗ ಬಂತು ಅಂತ ತಾಮ್ರ ಇರುವ ಔಷಧಿಯನ್ನು ಈ ಟ್ಯಾಂಕಿಗೆ ಹಾಕಲೇಬಾರದು, ಕ್ಲ್ಯಾಮ್‌ಗೆ ಅದು ವಿಷ.

ಬೆಂಗಳೂರಿನ ಪ್ರಶ್ನೆ. ತರಬೇಡಿ. ಈ ದೈತ್ಯ ಕ್ಲ್ಯಾಮ್ ಕುಟುಂಬ ಪೂರ್ತಿ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ, ಪರವಾನಗಿ ಇಲ್ಲದೆ ಗಡಿ ದಾಟಿಸುವ ಹಾಗಿಲ್ಲ. ಅದರ ಮೇಲೆ ನಮ್ಮಲ್ಲಿ ಲಕ್ಷದ್ವೀಪ, ಅಂಡಮಾನ್ ನಿಕೋಬಾರ್ ಸಮುದ್ರದಲ್ಲಿ ಮ್ಯಾಕ್ಸಿಮಾ ತಾನಾಗಿಯೇ ಇದೆ, ಅದಕ್ಕೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಸ್ಕ್ವಾಮೋಸಾ, ಇದೇ ಕುಟುಂಬದ ಹಿಪ್ಪೋಪಸ್ ಕೂಡ ಅದೇ ಪಟ್ಟಿಯಲ್ಲಿವೆ. ಭಾರತದಲ್ಲಿದ್ದು ಇದನ್ನು ಓದುತ್ತಿರುವವರಿಗೂ ಅದೇ ಮಾತು: ಯಾರಾದರೂ ಕದ್ದುಮುಚ್ಚಿ ಮಾರಿದರೆ ಕೊಳ್ಳಬೇಡಿ, ಅದು ಹವಳದ ದಿಬ್ಬದಿಂದ ಕಿತ್ತು ತಂದದ್ದೇ ಆಗಿರುವ ಸಾಧ್ಯತೆ ಹೆಚ್ಚು. ಅಮೆರಿಕದಲ್ಲಿ ಕೊಳ್ಳುವವರು ಸಾಕಣೆಯದ್ದಾ, ಸಮುದ್ರದಿಂದ ಹಿಡಿದದ್ದಾ ಅಂತ ಕೇಳಿ ತೆಗೆದುಕೊಳ್ಳಿ. 1980ರ ದಶಕದಲ್ಲಿ ಪಲಾವ್ ದ್ವೀಪದ ಸಾಕಣೆ ಕೇಂದ್ರದಲ್ಲಿ ಡೆರಾಸಾವನ್ನು ಲಕ್ಷಗಟ್ಟಲೆ ಬೆಳೆಸಿ ತೋರಿಸಿದ ಮೇಲೆ, ಸಮುದ್ರದಿಂದ ಹಿಡಿದದ್ದನ್ನೇ ಕೊಳ್ಳಬೇಕಾದ ಅಗತ್ಯ ಇಲ್ಲ. ಸಾಕಣೆಯಲ್ಲಿ ಹುಟ್ಟಿದ್ದು ಟ್ಯಾಂಕಿಗೂ ಬೇಗ ಒಗ್ಗುತ್ತದೆ.

ನೀವು ಹೊರಡುವ ಹೊತ್ತಿಗೆ ಅದು ನಾಲ್ಕು ಇಂಚು ಮುಟ್ಟಿರಬಹುದು. ಹತ್ತಿರದ ರೀಫ್ ಕ್ಲಬ್‌ನಲ್ಲಿ ಕೇಳಿ, ಕ್ಲ್ಯಾಮ್ ಸಾಕಿ ಅನುಭವ ಇರುವವರಿಗೆ ಕೊಡಿ. ಕೊಡುವಾಗ ಆ ಚಪ್ಪಟೆ ಕಲ್ಲಿನ ಸಮೇತ ಕೊಡಿ, ನಿಮ್ಮ ಪಾರ್ ಅಳತೆ, ಆಲ್ಕಲಿನಿಟಿ ಅಂಕಿ ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಜೊತೆಗೆ ಇಡಿ.